ಜವಾಬು ಕೊಡದ ಜವಾಬ್ದಾರಿ

“ನೈತಿಕ ಹೊಣೆಯನ್ನು ನಾನು ಹೊರುತ್ತೇನೆ” ಎಂಬ ಮಾತು ಈಚಿನ ರಾಜಕಾರಣದಲ್ಲಿ ಸವಕಲು ನಾಣ್ಯದಂತಾಗಿದೆ. ಕೊಡುವವರು ಧಾರಾಳವಾಗಿ ಕೊಡುತ್ತಾರೆ. ತೆಗೆದುಕೊಳ್ಳುವ ಪ್ರಜೆಯಾದರೋ ಅದರ ಮೇಲಿನ ಮುದ್ರೆ ಯಾವುದು, ಬೆಲೆ ಎಷ್ಟು ಎಂಬುದು ತಿಳಿಯದೆ ಹಿಂದೆಮುಂದೆ ತಿರುಗಿಸಿ ನೋಡುತ್ತಾನೆ. ಚುನಾವಣೆಯಲ್ಲಿ ಸೋತರೂ ಇದೇ ಮಾತು, ಸೇತುವೆ ಕುಸಿದರೂ ಇದೇ ಮಾತು, ಜನ ಸತ್ತರೂ ಇದೇ ಮಾತು. ಮಾತನ್ನಾಡಿದ ಮರುದಿನ ಏನಾಗಬೇಕೆಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ರಾಜ್ಯಭಾರದಲ್ಲಿ ತಪ್ಪು ಸಂಭವಿಸಿದಾಗ ಮುಖಂಡನಾದವನು ಅದರ ಹೊಣೆಯನ್ನು ಒಪ್ಪಿಕೊಳ್ಳುವುದೆಂದರೆ ನಿಜವಾಗಿ ಏನು ಎಂಬ ಪ್ರಶ್ನೆಯನ್ನು ನಮ್ಮ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಈ ವಿಚಾರ ನಮ್ಮ ಮನಸ್ಸಿಗೆ ಬಂದದ್ದು ನಂದಿನಿ ಲೇಔಟಿನಲ್ಲಿ. ಕಾರ್ಯಾಂತರದಿಂದ ಅಲ್ಲಿಗೆ ಹೋಗಿದ್ದ ನಾವು ಕಂಠೀರವ ಸ್ಟುಡಿಯೋದ ಆವರಣದಲ್ಲಿರುವ ಡಾ|| ರಾಜಕುಮಾರರ ಸಮಾಧಿಯ ಬಳಿ ಸ್ವಲ್ಪ ಹೊತ್ತು ನಿಂತೆವು. ದೂರದ ಹಳ್ಳಿಗಳಿಂದ ಬಂದ ಸಂಸಾರಗಳು ಚಪ್ಪಲಿಯನ್ನು ಕಳಚಿಟ್ಟು ಕೈಮುಗಿದು ಹೋಗುತ್ತಿದ್ದವು. ನಮ್ಮ ಜೊತೆಯಲ್ಲಿದ್ದ ಸ್ನೇಹಿತರು ಸರ್ಕಾರದ ನೌಕರಿಯಿಂದ ನಿವೃತ್ತರಾಗಿ ಆ ಬಡಾವಣೆಯಲ್ಲಿಯೇ ನೆಲೆಸಿರುವವರು. ಅವರು ಮೆಲ್ಲಗೆ ಹೇಳಿದರು: “ಇಲ್ಲಿ ಮಲಗಿರುವವರ ಹೆಸರು ಎಲ್ಲರಿಗೂ ಗೊತ್ತು, ಸ್ವಾಮಿ. ಇವರನ್ನು ಕಳಿಸಿಕೊಟ್ಟಾಗ ಎಂಟು ಜನ ಸತ್ತರಲ್ಲ, ಅವರ ವಿಷಯದಲ್ಲಿ ಜವಾಬು ಕೊಟ್ಟವರು ಯಾರು?” ನಮ್ಮಲ್ಲಿ ಉತ್ತರವಿರಲಿಲ್ಲ. ಆದರೆ ಅವರು ಬಳಸಿದ ಶಬ್ದವು ನಮ್ಮ ಕಿವಿಯಲ್ಲಿ ಉಳಿಯಿತು.

ಜವಾಬು ಎಂದರೆ ಉತ್ತರ. ಜವಾಬ್ದಾರಿ ಎಂದರೆ ಉತ್ತರ ಕೊಡಬೇಕಾದ ಭಾರ. ಪರಭಾಷೆಯಿಂದ ಬಂದು ಕನ್ನಡದ ಮನೆಮಾತಾದ ಈ ಶಬ್ದಕ್ಕೆ ಮೈಸೂರು ಸೀಮೆಯಲ್ಲಿ ದೊಡ್ಡ ಚರಿತ್ರೆಯೇ ಇದೆ. ಹಿಂದಿನವರು ಸೆರೆಮನೆಗೆ ಹೋದದ್ದು, ಲಾಠಿಯ ಏಟು ತಿಂದದ್ದು “ಜವಾಬ್ದಾರಿ ಸರ್ಕಾರ” ಬೇಕೆಂಬ ಒಂದು ಬೇಡಿಕೆಗಾಗಿ. ಆಗಿನ ಮೈಸೂರಿನ ಆಡಳಿತವು ಅಸಮರ್ಥವೆಂದು ಯಾರೂ ಹೇಳಿರಲಿಲ್ಲ. ಅಣೆಕಟ್ಟುಗಳಿದ್ದವು, ಕಾರ್ಖಾನೆಗಳಿದ್ದವು, ವಿದ್ಯುದ್ದೀಪಗಳಿದ್ದವು. ಕೊರತೆಯಿದ್ದದ್ದು ಒಂದೇ: ದಿವಾನರು ಉತ್ತರ ಹೇಳಬೇಕಾಗಿದ್ದುದು ಅರಮನೆಗೆ, ಪ್ರಜೆಗಳಿಗಲ್ಲ. ೧೯೩೮ನೆಯ ಇಸವಿ ಏಪ್ರಿಲ್ ೨೫ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಗೋಲಿಬಾರು ನಡೆದಾಗ ಸತ್ತವರೆಷ್ಟು ಎಂಬ ಲೆಕ್ಕದಲ್ಲಿಯೇ ಸರ್ಕಾರಕ್ಕೂ ಜನರಿಗೂ ಹೊಂದಾಣಿಕೆಯಾಗಲಿಲ್ಲ. ವಿಚಾರಣಾ ಸಮಿತಿಯೊಂದು ನೇಮಕವಾಯಿತು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲರು ೧೯೪೧ರವರೆಗೆ ಅಧಿಕಾರದಲ್ಲಿ ಮುಂದುವರಿದರು. ಅವರನ್ನು ಎದ್ದು ನಿಲ್ಲಿಸಿ ಪ್ರಶ್ನೆ ಕೇಳಿ ಕೆಳಗಿಳಿಸುವ ಹಕ್ಕು ಪ್ರಜಾಪ್ರತಿನಿಧಿಗಳಿಗೆ ಇರಲಿಲ್ಲ. ಆ ಹಕ್ಕಿಗಾಗಿಯೇ ೧೯೪೭ರಲ್ಲಿ “ಮೈಸೂರು ಚಲೋ” ನಡೆಯಿತು; ಅದೇ ವರ್ಷ ಅಕ್ಟೋಬರಿನಲ್ಲಿ ಶ್ರೀ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರಕ್ಕೆ ಬಂತು. ಜವಾಬ್ದಾರಿ ಸರ್ಕಾರವೆಂದರೆ ತಪ್ಪನ್ನೇ ಮಾಡದ ಸರ್ಕಾರವೆಂದು ಆ ಹಿರಿಯರು ಭಾವಿಸಿರಲಿಲ್ಲ. ತಪ್ಪಾದಾಗ ಜನರ ಎದುರಿಗೆ ನಿಂತು ಜವಾಬು ಹೇಳುವ ಸರ್ಕಾರ ಎಂಬುದೇ ಅದರ ಅರ್ಥವಾಗಿತ್ತು.

ಅಚ್ಚಗನ್ನಡದ “ಹೊಣೆ” ಎಂಬ ಶಬ್ದವನ್ನೂ ನೋಡೋಣ. ಹೊಣೆಯೆಂದರೆ ಜಾಮೀನು. ಸಾಲ ತೆಗೆದುಕೊಂಡವನು ಒಬ್ಬ, ಹೊಣೆಗಾರನಾಗಿ ರುಜು ಹಾಕಿದವನು ಮತ್ತೊಬ್ಬ. ಸಾಲಗಾರನು ತಪ್ಪಿಸಿಕೊಂಡರೆ ಸಾಹುಕಾರನು ಹೊಣೆಗಾರನ ಬಾಗಿಲಿಗೆ ಬರುತ್ತಾನೆ. “ಹಣವನ್ನು ನಾನು ಮುಟ್ಟಿಯೇ ಇಲ್ಲವಲ್ಲ” ಎಂದು ಹೊಣೆಗಾರನು ಹೇಳಿದರೆ ಊರಿನಲ್ಲಿ ಯಾರೂ ಕೇಳುವುದಿಲ್ಲ. ಮುಟ್ಟದಿದ್ದರೂ ತೀರಿಸುತ್ತೇನೆಂದು ಒಪ್ಪಿದ್ದಕ್ಕೇ ಅವನನ್ನು ಹೊಣೆಗಾರನೆಂದು ಕರೆದದ್ದು. ಮಂತ್ರಿಪದವಿಯ ಪ್ರಮಾಣವಚನವೂ ಇಂಥದೇ ಒಂದು ರುಜು. ಪೇದೆಯಿಂದ ಮೊದಲುಗೊಂಡು ಕಾರ್ಯದರ್ಶಿಯವರೆಗೆ ತನ್ನ ಇಲಾಖೆಯವರು ಮಾಡುವ ಒಳಿತಿನ ಕೀರ್ತಿಯನ್ನು ಮಂತ್ರಿಯು ಯಾವ ಸಂಕೋಚವೂ ಇಲ್ಲದೆ ಸ್ವೀಕರಿಸುತ್ತಾನೆ. ಶಂಕುಸ್ಥಾಪನೆಯ ಕಲ್ಲಿನ ಮೇಲೆ ಕೆತ್ತಿರುವುದು ಅವನ ಹೆಸರು, ಗಾರೆಯವನದಲ್ಲ. ಕೀರ್ತಿಗೆ ವಾರಸುದಾರನಾದವನು ಸಾಲಕ್ಕೂ ವಾರಸುದಾರನಾಗಬೇಕಾದದ್ದು ನ್ಯಾಯ.

ಈ ಅರ್ಥದಲ್ಲಿ ಹೊಣೆ ಹೊತ್ತವರು ನಮ್ಮ ದೇಶದಲ್ಲಿ ಇಲ್ಲದಿಲ್ಲ. ೧೯೨೨ನೆಯ ಫೆಬ್ರವರಿಯಲ್ಲಿ ಚೌರಿಚೌರಾದಲ್ಲಿ ಉದ್ರಿಕ್ತ ಜನರು ಪೊಲೀಸ್ ಠಾಣೆಗೆ ಬೆಂಕಿಯಿಟ್ಟು ಪೊಲೀಸರನ್ನು ಕೊಂದಾಗ ಮಹಾತ್ಮಾ ಗಾಂಧಿಯವರು ಆ ಊರಿನಿಂದ ಬಹುದೂರದಲ್ಲಿದ್ದರು. ಆದರೂ ಚಳವಳಿಯನ್ನು ಕರೆದವನು ತಾನೆಂಬ ಕಾರಣದಿಂದ, ಸಹಚರರ ಅಸಮಾಧಾನವನ್ನು ಲೆಕ್ಕಿಸದೆ, ದೇಶವ್ಯಾಪಿ ಚಳವಳಿಯನ್ನೇ ನಿಲ್ಲಿಸಿ ಐದು ದಿವಸ ಉಪವಾಸ ಮಾಡಿದರು. ೧೯೫೬ರಲ್ಲಿ ರೈಲ್ವೆ ಮಂತ್ರಿಗಳಾಗಿದ್ದ ಶ್ರೀ ಲಾಲ್ ಬಹದ್ದೂರ್ ಶಾಸ್ತ್ರಿಗಳು ಮೆಹಬೂಬ್‌ನಗರದ ಬಳಿಯ ಅಪಘಾತವಾದಾಗ ರಾಜೀನಾಮೆಯನ್ನು ನೀಡಲು ಮುಂದಾದರು, ಅದು ಅಂಗೀಕಾರವಾಗಲಿಲ್ಲ. ಅದೇ ನವೆಂಬರಿನಲ್ಲಿ ಮದ್ರಾಸು ಪ್ರಾಂತದ ಅರಿಯಲೂರಿನಲ್ಲಿ ಮತ್ತೊಂದು ರೈಲು ದುರಂತವಾಗಿ ನೂರಕ್ಕೂ ಹೆಚ್ಚು ಜನ ಮೃತರಾದಾಗ ಪಟ್ಟುಹಿಡಿದು ಹೊರಬಂದರು. ಶಾಸ್ತ್ರಿಗಳು ಸ್ವತಃ ತಪ್ಪಿತಸ್ಥರೆಂದಲ್ಲ, ರಾಜ್ಯಾಂಗ ಸಂಪ್ರದಾಯಕ್ಕೆ ಒಂದು ಮೇಲ್ಪಂಕ್ತಿಯಾಗಲೆಂದು ರಾಜೀನಾಮೆಯನ್ನು ಅಂಗೀಕರಿಸುತ್ತಿರುವುದಾಗಿ ಪ್ರಧಾನಿ ನೆಹರೂರವರು ಸಂಸತ್ತಿನಲ್ಲಿ ವಿವರಿಸಿದರು. ಶಾಸ್ತ್ರಿಗಳು ಮರುವರ್ಷವೇ ಮಂತ್ರಿಮಂಡಲಕ್ಕೆ ಮರಳಿದರು, ೧೯೬೪ರಲ್ಲಿ ಪ್ರಧಾನಿಗಳಾದರು. ಹೊಣೆ ಹೊತ್ತವನು ಪದವಿಯನ್ನು ಕಳೆದುಕೊಂಡರೂ ಜನರ ವಿಶ್ವಾಸವನ್ನು ಕಳೆದುಕೊಳ್ಳುವುದಿಲ್ಲವೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಹಾಗಾದರೆ ರಾಜೀನಾಮೆಯೊಂದನ್ನು ಬರೆದುಕೊಟ್ಟರೆ ಹೊಣೆ ತೀರಿತೇ? ತೀರುವುದಿಲ್ಲ. ಇದನ್ನು ನಾವು ನಮ್ಮ ಕರ್ನಾಟಕದಲ್ಲಿಯೇ ಕಂಡಿದ್ದೇವೆ. ಶ್ರೀ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಗಳಾಗಿ ಮೂರು ಬಾರಿ ರಾಜೀನಾಮೆ ಕೊಟ್ಟರು. ೧೯೮೪ರ ಅಂತ್ಯದ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ ೨೮ ಸ್ಥಾನಗಳ ಪೈಕಿ ಅವರ ಜನತಾ ಪಕ್ಷಕ್ಕೆ ದೊರೆತವು ೪ ಮಾತ್ರ. ವಿಧಾನಸಭೆಯ ಬೆಂಬಲಕ್ಕೆ ಧಕ್ಕೆಯಿಲ್ಲದಿದ್ದರೂ ಜನರ ವಿಶ್ವಾಸ ತಪ್ಪಿತೆಂದು ಒಪ್ಪಿ ಅವರು ರಾಜೀನಾಮೆಯಿತ್ತು ಹೊಸ ಚುನಾವಣೆಗೆ ಹೋದರು. ೧೯೮೫ರ ಮಾರ್ಚಿನಲ್ಲಿ ಜನರು ಅವರ ಪಕ್ಷಕ್ಕೆ ೨೨೪ರಲ್ಲಿ ೧೩೯ ಸ್ಥಾನಗಳನ್ನು ಕೊಟ್ಟು ಕಳಿಸಿದರು. ಇದು ಉತ್ತಮವಾದ ನಡೆ; ತೀರ್ಪನ್ನು ಜನರ ಕೈಗೇ ಒಪ್ಪಿಸಿದ್ದರಲ್ಲಿ ಅದರ ಸತ್ವವಿದೆ. ೧೯೮೬ರ ಫೆಬ್ರವರಿಯಲ್ಲಿ ಸಾರಾಯಿಯನ್ನು ಸೀಸೆಗಳಿಗೆ ತುಂಬುವ ಗುತ್ತಿಗೆಯ ವಿಷಯದಲ್ಲಿ ಉಚ್ಚ ನ್ಯಾಯಾಲಯವು ಸರ್ಕಾರವನ್ನು ಆಕ್ಷೇಪಿಸಿದಾಗ ಮತ್ತೆ ರಾಜೀನಾಮೆ ಕೊಟ್ಟು, ಪಕ್ಷದವರ ಒತ್ತಾಯಕ್ಕೆ ಮಣಿದು, ಮೂರು ದಿವಸಗಳಲ್ಲಿ ಹಿಂದಕ್ಕೆ ತೆಗೆದುಕೊಂಡರು. ಪಕ್ಷದ ಶಾಸಕರು ಬೇಡವೆಂದರೆಂಬುದು ನಿಜ. ಆದರೆ ನ್ಯಾಯಾಲಯವು ಆಕ್ಷೇಪಿಸಿದ್ದು ಶಾಸಕರ ಬೆಂಬಲವನ್ನಲ್ಲ, ಗುತ್ತಿಗೆ ಕೊಟ್ಟ ರೀತಿಯನ್ನು. ೧೯೮೮ರ ಆಗಸ್ಟಿನಲ್ಲಿ ದೂರವಾಣಿ ಕದ್ದಾಲಿಕೆಯ ಆಪಾದನೆಯ ಮೇಲೆ ಮೂರನೆಯ ಬಾರಿ ರಾಜೀನಾಮೆ ಕೊಟ್ಟು ಹೊರಟರು, ಆಗ ಹಿಂದಿರುಗಲಿಲ್ಲ. ಒಬ್ಬರೇ ಮನುಷ್ಯರು, ಒಂದೇ ಪದವಿ, ಮೂರು ರಾಜೀನಾಮೆಗಳು. ಮೂರರ ತೂಕವೂ ಬೇರೆ. ರಾಜೀನಾಮೆಯು ಹೊಣೆಯ ಒಂದು ರೂಪವಾಗಬಲ್ಲುದು. ಹೊಣೆಯನ್ನು ತಪ್ಪಿಸಿಕೊಳ್ಳುವ ಹಿಂಬಾಗಿಲೂ ಆಗಬಲ್ಲುದು. ಹೊರಟುಹೋದವನಿಂದ ಉತ್ತರ ಕೇಳುವುದಾದರೂ ಹೇಗೆ?

ಈಗ ನಂದಿನಿ ಲೇಔಟಿಗೆ ಹಿಂದಿರುಗೋಣ. ೨೦೦೬ನೆಯ ಇಸವಿ ಏಪ್ರಿಲ್ ೧೨ರಂದು ರಾಜಕುಮಾರರು ದಿವಂಗತರಾದರು. ಶ್ರೀ ಎಚ್.ಡಿ. ಕುಮಾರಸ್ವಾಮಿಯವರು ಮುಖ್ಯಮಂತ್ರಿಗಳಾಗಿ ಎರಡು ತಿಂಗಳು ಮಾತ್ರ ಕಳೆದಿತ್ತು. ಕಂಠೀರವ ಕ್ರೀಡಾಂಗಣಕ್ಕೆ ಜನ ನುಗ್ಗಿದರು. ಮಾರನೆಯ ದಿನ ಶವಯಾತ್ರೆಯು ಸ್ಟುಡಿಯೋದತ್ತ ಹೊರಟಾಗ ಅದನ್ನು ಹಿಡಿದು ನಿಲ್ಲಿಸುವ ಶಕ್ತಿ ಯಾರಿಗೂ ಉಳಿಯಲಿಲ್ಲ. ಕಲ್ಲುಗಳು ಬಿದ್ದವು, ಬಸ್ಸುಗಳು ಉರಿದವು, ಲಾಠಿ ಮತ್ತು ಅಶ್ರುವಾಯುವಿನ ಬಳಿಕ ಗೋಲಿಬಾರಾಯಿತು. ಒಬ್ಬ ಪೊಲೀಸ್ ಪೇದೆಯೂ ಸೇರಿ ಎಂಟು ಜನರು ಮೃತರಾದರು. ಜೀವಮಾನವಿಡೀ ಜನರನ್ನು ಅಭಿಮಾನಿ ದೇವರುಗಳೆಂದು ಕರೆದವರ ಅಂತ್ಯಯಾತ್ರೆಗೆ ಹೀಗೆ ರಕ್ತದ ಕಲೆ ತಗುಲಿತು. ಆ ಕಾರಣಕ್ಕಾಗಿ ಯಾವ ಮಂತ್ರಿಯೂ ಸ್ಥಾನವನ್ನು ಬಿಡಲಿಲ್ಲ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲವೆಂಬುದನ್ನೂ ನ್ಯಾಯವಾಗಿ ಹೇಳಬೇಕು. ೨೦೧೮ರ ನವೆಂಬರ್ ೨೪ರಂದು ಶ್ರೀ ಅಂಬರೀಷರು ತೀರಿಕೊಂಡಾಗ ಮುಖ್ಯಮಂತ್ರಿಗಳು ಮತ್ತೆ ಕುಮಾರಸ್ವಾಮಿಯವರೇ ಆಗಿದ್ದರು. ಈ ಬಾರಿ ಪಾರ್ಥಿವ ಶರೀರವನ್ನು ಹೆಲಿಕಾಪ್ಟರಿನಲ್ಲಿ ಮಂಡ್ಯಕ್ಕೆ ಒಯ್ದು ಆ ಸೀಮೆಯ ಜನರಿಗೆ ಅಲ್ಲಿಯೇ ದರ್ಶನಕ್ಕೆ ಅವಕಾಶ ಮಾಡಿ, ಬೆಂಗಳೂರಿಗೆ ಮರಳಿ ತಂದು, ೨೬ರಂದು ಅದೇ ಸ್ಟುಡಿಯೋದ ಆವರಣದಲ್ಲಿ ಶಾಂತವಾಗಿ ಅಂತ್ಯಸಂಸ್ಕಾರ ನಡೆಯಿತು. ೨೦೨೧ರ ಅಕ್ಟೋಬರ್ ೨೯ರಂದು ಶ್ರೀ ಪುನೀತ್ ರಾಜಕುಮಾರರು ೪೬ನೆಯ ವಯಸ್ಸಿನಲ್ಲಿ ಹಠಾತ್ತಾಗಿ ತೀರಿಕೊಂಡರು. ಜನರ ದುಃಖವು ೨೦೦೬ಕ್ಕಿಂತ ಕಡಿಮೆಯದಾಗಿರಲಿಲ್ಲ. ಸುದ್ದಿ ಅದಕ್ಕಿಂತಲೂ ಅನಿರೀಕ್ಷಿತವಾಗಿತ್ತು. ಆಗಿನ ಮುಖ್ಯಮಂತ್ರಿ ಶ್ರೀ ಬಸವರಾಜ ಬೊಮ್ಮಾಯಿಯವರ ಸರ್ಕಾರವು ದರ್ಶನದ ಅವಧಿಯನ್ನು ಉದ್ದ ಮಾಡಿ, ಶನಿವಾರವೆಂದಿದ್ದ ಸಂಸ್ಕಾರವನ್ನು ಭಾನುವಾರಕ್ಕೆ ಮುಂದೂಡಿ, ನಗರವು ಏಳುವ ಮೊದಲೇ ಮೆರವಣಿಗೆಯನ್ನು ಹೊರಡಿಸಿ, ಬೆಳಗಿನ ಹೊತ್ತಿಗೆ ಕಾರ್ಯವನ್ನು ಮುಗಿಸಿತು. ಲಕ್ಷಾಂತರ ಜನರು ಕಣ್ತುಂಬ ನೋಡಿ ಹೋದರು. ಗೋಲಿಬಾರಿನ ಮಾತೇ ಬರಲಿಲ್ಲ.

ಜನರು ಅವರೇ, ನಗರವು ಅದೇ, ಸ್ಟುಡಿಯೋ ಅದೇ. ಬದಲಾದದ್ದು ಸಿದ್ಧತೆ ಒಂದೇ. ಇದರಿಂದ ಎರಡು ವಿಷಯಗಳು ಸಿದ್ಧವಾಗುತ್ತವೆ. ಮೊದಲನೆಯದು, ೨೦೦೬ರ ಸಾವುಗಳು ವಿಧಿಯ ಬರಹವಾಗಿರಲಿಲ್ಲ, ತಪ್ಪಿಸಬಹುದಾಗಿದ್ದವು. ಎರಡನೆಯದು, ತಪ್ಪನ್ನು ತಿದ್ದಿಕೊಳ್ಳುವುದು ಹೊಣೆಯನ್ನು ಒಪ್ಪಿಕೊಳ್ಳುವ ರೀತಿಗಳಲ್ಲಿ ಅತ್ಯಂತ ಸತ್ಯವಾದದ್ದು. ಆದರೆ ಹೀಗೆ ಕಲಿತ ಪಾಠವು ಬಹಿರಂಗವಾದ ಜವಾಬಿನ ರೂಪದಲ್ಲಿ ಸಭೆಯ ಮುಂದೆ ಬರದಿದ್ದರೆ, ಕಂಡು ಕಲಿತ ಕೆಲವು ಅಧಿಕಾರಿಗಳ ನೆನಪಿನಲ್ಲಿ ಮಾತ್ರ ಉಳಿಯುತ್ತದೆ. ಅವರು ವರ್ಗವಾಗಿ ಹೋದರೆ ಪಾಠವೂ ಅವರ ಜೊತೆಯಲ್ಲಿಯೇ ಹೋಗುತ್ತದೆ.

ಹಾಗೆಯೇ ಆಯಿತು. ೨೦೨೫ರ ಜೂನ್ ೩ರ ರಾತ್ರಿ ಬೆಂಗಳೂರಿನ ಹೆಸರು ಹೊತ್ತ ಕ್ರಿಕೆಟ್ ತಂಡವು ಅಹಮದಾಬಾದಿನಲ್ಲಿ ಮೊದಲ ಬಾರಿಗೆ ಐಪಿಎಲ್ ಪಂದ್ಯಾವಳಿಯನ್ನು ಗೆದ್ದಿತು. ಮಾರನೆಯ ದಿನವೇ ವಿಧಾನಸೌಧದ ಮೆಟ್ಟಿಲುಗಳ ಮೇಲೆ ಸರ್ಕಾರದ ಸನ್ಮಾನ, ಚಿನ್ನಸ್ವಾಮಿ ಮೈದಾನದಲ್ಲಿ ಉತ್ಸವ. ಗೆದ್ದೆತ್ತಿನ ಬಾಲ ಹಿಡಿಯುವುದಕ್ಕೆ ಹೊತ್ತುಗೊತ್ತು ಬೇಡವಾಯಿತು. ವಿಧಾನಸೌಧದ ಭದ್ರತೆಯನ್ನು ನೋಡುವ ಪೊಲೀಸ್ ಅಧಿಕಾರಿಯೊಬ್ಬರು ಸಿಬ್ಬಂದಿ ಸಾಲದೆಂದು ಮುಂಚಿತವಾಗಿಯೇ ಬರೆದಿದ್ದ ಪತ್ರವು ಅನಂತರ ಬೆಳಕಿಗೆ ಬಂತು. ಸುಮಾರು ೩೫,೦೦೦ ಜನ ಹಿಡಿಸುವ ಮೈದಾನಕ್ಕೆ ಎರಡು ಮೂರು ಲಕ್ಷ ಜನ ಬಂದರೆಂದು ಮುಖ್ಯಮಂತ್ರಿಗಳಾಗಿದ್ದ ಶ್ರೀ ಸಿದ್ದರಾಮಯ್ಯನವರೇ ಹೇಳಿದರು. ಮೈದಾನದ ಬಾಗಿಲುಗಳ ಹೊರಗೆ ಹನ್ನೊಂದು ಜನ ತುಳಿತಕ್ಕೆ ಸಿಕ್ಕಿ ಸತ್ತರು. ಐವತ್ತಕ್ಕೂ ಹೆಚ್ಚು ಜನ ಗಾಯಗೊಂಡರು. ಸತ್ತವರಲ್ಲಿ ಬಹುಮಂದಿ ಹರೆಯದವರು.

ಅಂದು ಬಂದ ಮಾತುಗಳನ್ನು ಪಕ್ಷಪಾತವಿಲ್ಲದೆ ತೂಗಿ ನೋಡೋಣ. ಉಪಮುಖ್ಯಮಂತ್ರಿಗಳಾಗಿದ್ದ ಶ್ರೀ ಡಿ.ಕೆ. ಶಿವಕುಮಾರರು ಜನತೆಯ ಕ್ಷಮೆ ಕೇಳಿದರು. ಮುಖ್ಯಮಂತ್ರಿಗಳು ದುಃಖವನ್ನು ಸೂಚಿಸಿ, ಇಂಥ ದುರಂತಗಳು ಬೇರೆಡೆಯೂ, ಕುಂಭಮೇಳದಲ್ಲಿಯೂ ಆಗಿವೆಯೆಂದು ಹೇಳಿ, ಅದನ್ನು ಸಮರ್ಥನೆಗಾಗಿ ಹೇಳುತ್ತಿಲ್ಲವೆಂದೂ ಸೇರಿಸಿದರು. ಸಮರ್ಥನೆಗಾಗಿ ಅಲ್ಲದಿದ್ದರೆ ಆ ಮಾತಿನ ಅಗತ್ಯವೇನಿತ್ತು? ಪಕ್ಕದ ಮನೆಯ ಸೂತಕವು ನಮ್ಮ ಮನೆಯ ಸೂತಕಕ್ಕೆ ಸಮಾಧಾನವಾಗುವುದಿಲ್ಲ. ಮರುದಿನ ಸಂಜೆಯ ಹೊತ್ತಿಗೆ ಪೊಲೀಸ್ ಕಮಿಷನರರೂ ಸೇರಿ ಐವರು ಪೊಲೀಸ್ ಅಧಿಕಾರಿಗಳು ಅಮಾನತ್ತಾದರು. ನಿವೃತ್ತ ನ್ಯಾಯಮೂರ್ತಿ ಮೈಕೆಲ್ ಡಿ’ಕುನ್ಹಾರವರ ವಿಚಾರಣಾ ಆಯೋಗವೂ ಅಂದೇ ನೇಮಕವಾಯಿತು. ಅಂದರೆ ದಂಡನೆ ಮತ್ತು ವಿಚಾರಣೆ ಒಂದೇ ದಿನ ಹುಟ್ಟಿದವು! ಮುಖ್ಯಮಂತ್ರಿಗಳ ರಾಜಕೀಯ ಕಾರ್ಯದರ್ಶಿಯವರನ್ನೂ ಸ್ಥಾನದಿಂದ ತೆಗೆಯಲಾಯಿತು. ಪರಿಹಾರದ ಮೊತ್ತವನ್ನು ೧೦ ಲಕ್ಷದಿಂದ ೨೫ ಲಕ್ಷ ರೂಪಾಯಿಗಳಿಗೆ ಏರಿಸಲಾಯಿತು. ಜುಲೈ ೧ರಂದು ಕೇಂದ್ರೀಯ ಆಡಳಿತ ನ್ಯಾಯಮಂಡಲಿಯು ಅಧಿಕಾರಿಯೊಬ್ಬರ ಅಮಾನತ್ತನ್ನು ರದ್ದುಪಡಿಸಿತು; ಅದೇ ತಿಂಗಳ ಕೊನೆಗೆ ಸರ್ಕಾರವೇ ಅಮಾನತ್ತಿನ ಆಜ್ಞೆಯನ್ನು ಹಿಂತೆಗೆದುಕೊಂಡಿತು. ಆಯೋಗದ ವರದಿಯು ತಂಡದವರನ್ನೂ, ಕ್ರಿಕೆಟ್ ಸಂಸ್ಥೆಯವರನ್ನೂ, ಉತ್ಸವವನ್ನು ಏರ್ಪಡಿಸಿದ ಸಂಸ್ಥೆಯನ್ನೂ, ಪೊಲೀಸರನ್ನೂ ತಪ್ಪಿತಸ್ಥರೆಂದಿತು. ಮಂತ್ರಿಗಳಲ್ಲಿ ಯಾರೂ ಸ್ಥಾನವನ್ನು ಬಿಡಲಿಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂದು ನಮ್ಮ ಗಾದೆ ಹೇಳುತ್ತದೆ. ಪೊಲೀಸರು ನಿರ್ದೋಷಿಗಳೆಂದು ನಾವು ವಾದಿಸುತ್ತಿಲ್ಲ. ಅದನ್ನು ತೀರ್ಮಾನಿಸಬೇಕಾದವರು ಬೇರೆ ಇದ್ದಾರೆ. ನಮ್ಮ ಆಕ್ಷೇಪಣೆಯೇ ಬೇರೆ. ಉತ್ಸವವನ್ನು ಒಂದು ದಿನ ಮುಂದೂಡಬೇಕೇ ಬೇಡವೇ ಎಂಬುದು ಪೇದೆಯಾಗಲಿ ಇನ್ಸ್‌ಪೆಕ್ಟರಾಗಲಿ ನಿರ್ಧರಿಸುವ ವಿಷಯವಲ್ಲ. ವಿಧಾನಸೌಧದ ಮೆಟ್ಟಿಲುಗಳ ಸಮಾರಂಭವು ಸರ್ಕಾರದ ಸಮಾರಂಭ. ೨೦೨೧ರಲ್ಲಿ ಸಂಸ್ಕಾರವನ್ನೇ ಒಂದು ದಿನ ಮುಂದೂಡಲು ಸಾಧ್ಯವಾದ ನಗರದಲ್ಲಿ ೨೦೨೫ರಲ್ಲಿ ಸಂತೋಷವನ್ನು ಒಂದು ದಿನ ಮುಂದೂಡಲು ಏಕೆ ಸಾಧ್ಯವಾಗಲಿಲ್ಲ? ಹನ್ನೊಂದು ಮನೆಗಳವರು ಕೇಳಬೇಕಾಗಿದ್ದ ಪ್ರಶ್ನೆ ಇದೊಂದೇ. ಪರಿಹಾರದ ಹಣವು ಇದಕ್ಕೆ ಜವಾಬಲ್ಲ.

ಪ್ರತಿಯೊಂದು ಅವಘಡಕ್ಕೂ ಮಂತ್ರಿಯ ತಲೆದಂಡವನ್ನು ಕೇಳುತ್ತ ಹೋದರೆ ರಾಜ್ಯಭಾರ ಸಾಗುವುದೆಂತು ಎಂದು ಕೆಲವರು ಕೇಳಬಹುದು. ಆಕ್ಷೇಪಣೆಯಲ್ಲಿ ಸತ್ಯಾಂಶವಿದೆ. ವಿರೋಧಪಕ್ಷದವರು ಯಾರೇ ಆಗಿರಲಿ ಅಧಿಕಾರದಲ್ಲಿರುವವರ ರಾಜೀನಾಮೆಯನ್ನು ನಿತ್ಯಪೂಜೆಯಂತೆ ಕೇಳುತ್ತಾರೆ. ತಮ್ಮ ಸರದಿ ಬಂದಾಗ ಅದೇ ಮಂತ್ರವನ್ನು ಮರೆಯುತ್ತಾರೆ. ನಾವು ಕೇಳುವುದು ತಲೆದಂಡವನ್ನಲ್ಲ. ನಾವು ಕೇಳುವುದು ಮೂರು ಕರ್ತವ್ಯಗಳನ್ನು. ಮೊದಲನೆಯದಾಗಿ, ನಿರ್ಧಾರವನ್ನು ಯಾರು, ಯಾವಾಗ, ಯಾರ ಎಚ್ಚರಿಕೆಯನ್ನು ಮೀರಿ ಮಾಡಿದರೆಂಬುದನ್ನು ಮುಖ್ಯಸ್ಥನಾದವನು ಯಾರೂ ಕೆದಕುವ ಮೊದಲೇ ಸಭೆಯ ಮುಂದೆ ತಾನಾಗಿ ಹೇಳಬೇಕು. ಇದು ಜವಾಬು. ಎರಡನೆಯದಾಗಿ, ವಿಚಾರಣೆ ಮುಗಿಯುವವರೆಗೆ ತನ್ನ ಕೈಕೆಳಗಿನವರನ್ನು ಜನರ ಕೋಪಕ್ಕೆ ಬಲಿಗೊಡದೆ ತಾನು ಮುಂದೆ ನಿಲ್ಲಬೇಕು. ಇದು ಹೊಣೆ. ಮೂರನೆಯದಾಗಿ, ಕಲಿತ ಪಾಠವನ್ನು ಬರಹದಲ್ಲಿಟ್ಟು ತನ್ನ ಬಳಿಕ ಬರುವವನಿಗೆ, ಅವನು ಯಾವ ಪಕ್ಷದವನೇ ಆಗಲಿ, ಒಪ್ಪಿಸಬೇಕು. ಇದು ಪ್ರಾಯಶ್ಚಿತ್ತ. ತಪ್ಪಾದ ನಿರ್ಧಾರವು ತನ್ನದೇ ಆಗಿದ್ದರೆ, ಅಥವಾ ತಾನು ಕುರ್ಚಿಯಲ್ಲಿದ್ದರೆ ವಿಚಾರಣೆಗೆ ಅಡ್ಡಿಯಾಗುವುದಾದರೆ, ಆಗ ರಾಜೀನಾಮೆಯು ನಾಲ್ಕನೆಯದಾಗಿ ಬರುತ್ತದೆ; ಮೊದಲ ಮೂರಕ್ಕೆ ಬದಲಾಗಿ ಬರುವುದಿಲ್ಲ.

ನಮ್ಮ ವಾಚಕರಲ್ಲಿ ಅನೇಕರು ಸರ್ಕಾರದ ನೌಕರರು. ಅವರಿಗೂ ಒಂದು ಮಾತು. ಮೇಲಿನವರ ಬಾಯಿಮಾತಿನ ಆಜ್ಞೆಯನ್ನು ಕಡತದಲ್ಲಿ ಬರೆದಿಡುವುದಕ್ಕೆ ಧೈರ್ಯ ಬೇಕು. ಆಗುವುದಿಲ್ಲವೆಂದು ಟಿಪ್ಪಣಿ ಬರೆಯುವುದಕ್ಕೆ ಇನ್ನೂ ಹೆಚ್ಚಿನ ಧೈರ್ಯ ಬೇಕು. ಸಿಬ್ಬಂದಿ ಸಾಲದೆಂದು ಬರೆದಿಟ್ಟ ಒಂದು ಪತ್ರವು ಹತ್ತು ಆಯೋಗಗಳ ವರದಿಗಿಂತ ಸ್ಪಷ್ಟವಾಗಿ ಮಾತನಾಡುತ್ತದೆಂಬುದನ್ನು ೨೦೨೫ರಲ್ಲಿ ಎಲ್ಲರೂ ಕಂಡರು.

ಪರರಿಗೆ ಉಪದೇಶ ಹೇಳುವಾಗ ನಮ್ಮ ಮನೆಯ ಕಸವನ್ನು ಮುಚ್ಚಿಡುವುದು ಸರಿಯಲ್ಲ. ಆ ಜೂನ್ ೪ರ ಬೆಳಿಗ್ಗೆ ನಮ್ಮ ಪತ್ರಿಕೆಯೂ ಮುಖಪುಟವನ್ನೆಲ್ಲ ವಿಜಯವಾರ್ತೆಗೆ ಮೀಸಲಿಟ್ಟಿತ್ತು. ಬೀದಿಗಳು ರಾತ್ರಿಯೇ ತುಂಬಿ ಹರಿದದ್ದನ್ನು ಕಂಡಿದ್ದೆವು. ಆದರೂ ಜನಸಂದಣಿಯ ವಿಷಯದಲ್ಲಿ ಎಚ್ಚರಿಕೆಯ ಒಂದು ಪಂಕ್ತಿಯನ್ನೂ ನಾವು ಬರೆಯಲಿಲ್ಲ. ೨೦೦೬ನ್ನು ಕಣ್ಣಾರೆ ಕಂಡಿದ್ದ ನಮಗೆ ಅದು ಹೊಳೆಯಬೇಕಾಗಿತ್ತು. ಆ ಪುಟವನ್ನು ಅಚ್ಚಿಗೆ ಕಳಿಸಿದವರು ನಾವೇ. ಕಚೇರಿಯ ಕಿರಿಯರ ಮೇಲೆ ಅದನ್ನು ಹೊರಿಸುವುದಿಲ್ಲ.

ನಂದಿನಿ ಲೇಔಟಿನ ನಮ್ಮ ಸ್ನೇಹಿತರ ಪ್ರಶ್ನೆಗೆ ಈಗಲೂ ನಮ್ಮಲ್ಲಿ ಪೂರ್ಣವಾದ ಉತ್ತರವಿಲ್ಲ. ಉತ್ತರ ಕೊಡಬೇಕಾದವರು ನಾವಲ್ಲ. ಆದರೆ ಕೇಳಬೇಕಾದವರು ನಾವು ಎಂಬುದನ್ನು ಮರೆಯಬಾರದು. ಜವಾಬ್ದಾರಿ ಸರ್ಕಾರವನ್ನು ಹಿರಿಯರು ಸಂಪಾದಿಸಿ ಕೊಟ್ಟರು. ಜವಾಬನ್ನು ಕೇಳಿ ಪಡೆಯುವ ಕೆಲಸವನ್ನು ನಮಗೆ ಬಿಟ್ಟುಹೋದರು. ಅಧಿಕಾರದಲ್ಲಿರುವವರು ನಮ್ಮ ಪಕ್ಷದವರೆಂದು, ನಮ್ಮ ಜಾತಿಯವರೆಂದು, ನಮ್ಮ ಜಿಲ್ಲೆಯವರೆಂದು ಆ ಪ್ರಶ್ನೆಯನ್ನು ನುಂಗಿಕೊಂಡ ದಿನ ಸತ್ತವರ ಸಾಲದಲ್ಲಿ ನಾವೂ ಪಾಲುದಾರರಾಗುತ್ತೇವೆ.